ಹಣೆಬರಹವೂ ಪೆನ್ಸಿಲ್ ಗುರುತೂ
(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಹಬ್ಬದಂಥ ಈ ದಿನ ಕ್ಯಾನ್ಸರ್ ವಿಷಯ ಯಾಕೆ ಎಂದು ನೀವು ಕೇಳಬಹುದು. ಹತ್ತನೇ ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯ ಇಂದು ಈ ಸಭೆಯಲ್ಲಿ ಇರಬೇಕಿತ್ತು. ಬಾಯಿ ಕ್ಯಾನ್ಸರಿನಿಂದ ಅವನು ತೀರಿಕೊಂಡ. ಕೆನ್ನೆಯ ಒಳಗೆ ಬಿಳಿ ಮಚ್ಚೆ ಕಂಡಾಗ "ಹಣೆಬರಹ ಇದ್ದಂತೆ ಆಗುತ್ತೆ" ಎಂದು ಒಂದು ವರ್ಷ ಸುಮ್ಮನಿದ್ದ. ನಾನು ಕಲಿತ ವಿಜ್ಞಾನದಿಂದ ಆ ಮಾತಿಗೊಂದು ಉತ್ತರ ಕೊಡಬೇಕೆಂದು ಇಲ್ಲಿ ನಿಂತಿದ್ದೇನೆ.

ನಮ್ಮ ದೇಹದ ಹೆಚ್ಚುಕಡಿಮೆ ಪ್ರತಿ ಜೀವಕೋಶದಲ್ಲೂ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಇದೆ. ಅದನ್ನು ಒಂದು ಪಠ್ಯಪುಸ್ತಕ ಎಂದುಕೊಳ್ಳಿ. ಕಣ್ಣಿನ ಕೋಶದಲ್ಲೂ ಯಕೃತ್ತಿನ ಕೋಶದಲ್ಲೂ ಇರುವುದು ಒಂದೇ ಪುಸ್ತಕ. ಹಾಗಾದರೆ ಕಣ್ಣು ಕಣ್ಣಾಗಿ, ಯಕೃತ್ತು ಯಕೃತ್ತಾಗಿ ಉಳಿಯುವುದು ಹೇಗೆ? ಪರೀಕ್ಷೆಗೆ ಮುಂಚೆ ನಮ್ಮ ಮೇಷ್ಟರು "ಇದು ಓದಿ, ಇದು ಬಿಡಿ" ಎಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕಿಸುತ್ತಿದ್ದರಲ್ಲ, ಕೋಶವೂ ಹಾಗೆಯೇ ಮಾಡುತ್ತದೆ. ಅಕ್ಷರ ಬದಲಾಗುವುದಿಲ್ಲ, ಯಾವ ಪಾಠ ಓದಬೇಕು ಎಂಬುದು ಬದಲಾಗುತ್ತದೆ. ಇದರ ಅಧ್ಯಯನವೇ ಎಪಿಜೆನೆಟಿಕ್ಸ್. ಈ ಹೆಸರನ್ನು 1942ರಲ್ಲಿ ಬಳಕೆಗೆ ತಂದವರು ಬ್ರಿಟನ್ನಿನ ಕಾನ್ರಾಡ್ ವ್ಯಾಡಿಂಗ್ಟನ್.

ಗುರುತುಗಳಲ್ಲಿ ಮುಖ್ಯವಾದವು ಎರಡು. ಡಿಎನ್‌ಎಯ 'ಸಿ' ಅಕ್ಷರಕ್ಕೆ ಮಿಥೈಲ್ ಎಂಬ ಪುಟ್ಟ ರಾಸಾಯನಿಕ ಅಂಟಿಕೊಳ್ಳುವುದು ಒಂದು. ವಂಶವಾಹಿಯ ಆರಂಭದಲ್ಲಿ ಇದು ದಟ್ಟವಾಗಿ ಅಂಟಿದರೆ ಆ ವಂಶವಾಹಿ ಸಾಮಾನ್ಯವಾಗಿ ಮೌನವಾಗುತ್ತದೆ. ಇನ್ನೊಂದು, ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಎಂಬ ಪ್ರೋಟೀನುಗಳ ಮೇಲೆ ಬೀಳುವ ಗುರುತು. ಅದು ಸುರುಳಿಯನ್ನು ಬಿಗಿ ಮಾಡಬಹುದು, ಸಡಿಲಿಸಲೂಬಹುದು. ಬಿಗಿಯಾದ ಸುರುಳಿಯನ್ನು ಓದುವುದು ಕಷ್ಟ.

ಇವುಗಳ ಜೊತೆಗೆ ಇನ್ನೊಂದು ಹತೋಟಿ ಇದೆ. ಮನುಷ್ಯನ ಡಿಎನ್‌ಎಯಲ್ಲಿ ಪ್ರೋಟೀನ್ ತಯಾರಿಸುವ ವಿವರ ಇರುವುದು ನೂರಕ್ಕೆ 2ಕ್ಕಿಂತಲೂ ಕಡಿಮೆ ಭಾಗದಲ್ಲಿ. ಉಳಿದದ್ದರಲ್ಲಿ ಬಹುಪಾಲನ್ನು ಒಂದು ಕಾಲದಲ್ಲಿ ಕಸವೆಂದೇ ಕರೆದರು. ಅದರಲ್ಲಿ ಎಲ್ಲಕ್ಕೂ ಕೆಲಸವಿದೆ ಎಂದಲ್ಲ. ಆದರೆ ಅಲ್ಲಿ ಹುಟ್ಟುವ ಕೆಲವು ಆರ್‌ಎನ್‌ಎಗಳು ತಾವು ಪ್ರೋಟೀನ್ ಆಗದೆ, ಬೇರೆ ವಂಶವಾಹಿಗಳಿಗೆ ಕಡಿವಾಣ ಹಾಕುತ್ತವೆ. 1993ರಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕನ್ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಇಂಥ ಮೈಕ್ರೋ ಆರ್‌ಎನ್‌ಎ ಕೆಲಸ ಮಾಡುವ ಬಗೆಯನ್ನು ಕಂಡರು. ಅದರ ಉದ್ದ ಬರೀ 22 ಅಕ್ಷರದಷ್ಟು. ಹುಳುವಿನ ವಿಚಾರ ನಮಗೇಕೆ ಎಂದು ಆಗ ಹೆಚ್ಚಿನವರು ಗಮನ ಕೊಡಲಿಲ್ಲ. 2000ದಲ್ಲಿ ಅಂಥದ್ದೇ ಇನ್ನೊಂದು ಮನುಷ್ಯರಲ್ಲೂ ಸಿಕ್ಕಿತು. 2024ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಮಕ್ಕಳೇ, ಸಣ್ಣ ಪ್ರಶ್ನೆ ಎಂದು ಯಾವುದನ್ನೂ ಬಿಡಬೇಡಿ.

ಕ್ಯಾನ್ಸರಿಗೂ ಇದಕ್ಕೂ ಏನು ಸಂಬಂಧ? ದೀರ್ಘಕಾಲೀನ ಲಿಂಫೋಸೈಟಿಕ್ ಲ್ಯುಕೇಮಿಯಾ ಎಂಬ ರಕ್ತ ಕ್ಯಾನ್ಸರಿನಲ್ಲಿ ಎಷ್ಟೋ ರೋಗಿಗಳ 13ನೇ ವರ್ಣತಂತುವಿನ ಒಂದು ತುಣುಕು ಕಳೆದುಹೋಗಿರುತ್ತದೆ. ಅಲ್ಲಿ ಇದ್ದದ್ದು 15 ಮತ್ತು 16 ಎಂಬ ಸಂಖ್ಯೆಯ ಎರಡು ಮೈಕ್ರೋ ಆರ್‌ಎನ್‌ಎಗಳು ಎಂದು 2002ರಲ್ಲಿ ಕಾರ್ಲೋ ಕ್ರೋಚೆ ತಂಡ ತೋರಿಸಿತು. ಕೋಶ ಸಾಯದಂತೆ ಕಾಯುವ ಬಿಸಿಎಲ್2 ಎಂಬ ಪ್ರೋಟೀನನ್ನು ಇವು ಅಂಕೆಯಲ್ಲಿಡುತ್ತವೆ. ಕಾವಲು ತಪ್ಪಿದರೆ ಸಾಯಬೇಕಾದ ಕೋಶ ಸಾಯುವುದಿಲ್ಲ. ಆ ಪ್ರೋಟೀನನ್ನೇ ತಡೆಯುವ ವೆನೆಟೊಕ್ಲಾಕ್ಸ್ ಎಂಬ ಮಾತ್ರೆ 2016ರಿಂದ ಬಳಕೆಯಲ್ಲಿದೆ.

ಬಾಯಿ ಕ್ಯಾನ್ಸರಿಗೆ ಬರೋಣ. ಕೋಶ ವಿಭಜನೆಗೆ ಬ್ರೇಕ್ ಹಾಕುವ ಪಿ16 ಎಂಬ ವಂಶವಾಹಿ ಇದೆ. ಅನೇಕ ಗೆಡ್ಡೆಗಳಲ್ಲಿ ಅದು ಅಳಿಸಿಹೋಗಿರುತ್ತದೆ. ಇನ್ನು ಕೆಲವದರಲ್ಲಿ ಅಕ್ಷರ ಸರಿಯಾಗಿಯೇ ಇದ್ದು, ಮಿಥೈಲ್ ಗುರುತು ಬಿದ್ದು ಬಾಯಿ ಮುಚ್ಚಿರುತ್ತದೆ. ಪೆನ್ಸಿಲ್ ಗುರುತಾದರೆ ಅಳಿಸಬಹುದಲ್ಲವೇ? ಮಿಥೈಲ್ ಗುರುತನ್ನು ತಗ್ಗಿಸುವ ಅಜಾಸಿಟಿಡಿನ್ ಔಷಧಿಗೆ 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಅದು ಕೆಲವು ರಕ್ತ ಕಾಯಿಲೆಗಳಿಗೆ ಮಾತ್ರ. ಬಾಯಿ ಕ್ಯಾನ್ಸರಿಗೆ ಇಂದಿಗೂ ಮುಖ್ಯ ಚಿಕಿತ್ಸೆ ಶಸ್ತ್ರಕ್ರಿಯೆ ಮತ್ತು ವಿಕಿರಣವೇ. "ಗುರುತು ಅಳಿಸುವ ಪುಡಿ ಕೊಡುತ್ತೇವೆ" ಎನ್ನುವವರನ್ನು ನಂಬಬೇಡಿ.

ಕೊನೆಗೊಂದು ಕಹಿ ಮಾತು. ಅಡಿಕೆಯ ಅನ್ನ ಉಂಡೇ ನಾನೂ ಓದಿದವನು. ಆದರೂ ಹೇಳಲೇಬೇಕು: ತಂಬಾಕಷ್ಟೇ ಅಲ್ಲ, ಅಡಿಕೆ ಜಗಿಯುವುದೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲೇ ಹೇಳಿದೆ. ಶಾಲೆಯ ಗೇಟಿನಾಚೆ ತೂಗುವ ಗುಟ್ಕಾ ಚೀಟಿಯಲ್ಲಿ ಎರಡೂ ಇವೆ.

ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯಲಾಗದಿರುವುದು, ಇವು ಕಂಡರೆ ನೋವಿಲ್ಲದಿದ್ದರೂ ವೈದ್ಯರ ಬಳಿ ಹೋಗಿ. ಇವತ್ತು ಮನೆಗೆ ಹೋಗಿ ಅಪ್ಪನಿಗೋ ಅಜ್ಜಿಗೋ ಕನ್ನಡಿ ಹಿಡಿಯಿರಿ. ಹಣೆಯಲ್ಲಿ ಏನು ಬರೆದಿದೆಯೋ ಕಾಣುವುದಿಲ್ಲ. ಕೆನ್ನೆಯ ಒಳಗೇನಿದೆ ಎಂಬುದು ಕಾಣುತ್ತದೆ. ನನ್ನ ಗೆಳೆಯನಿಗೆ ಯಾರೂ ಅಂದು ಕನ್ನಡಿ ಹಿಡಿಯಲಿಲ್ಲ. ನಾನೂ ಹಿಡಿಯಲಿಲ್ಲ.