ಶೇಡ್ ಕೆಟ್ಟರೆ ಯಾರನ್ನು ಬೈಯಬೇಕು?



ಸೂರತ್‌ನಲ್ಲಿರುವ ನಮ್ಮ ಭಾವ ಪಾಲಿಯೆಸ್ಟರ್ ಬಟ್ಟೆಗೆ ಬಣ್ಣ ಹಾಕುವ ಮಿಲ್ಲೊಂದರಲ್ಲಿ ಸೂಪರ್‌ವೈಸರ್. ಕಳೆದ ಸಲ ಅವರ ಮನೆಗೆ ಹೋದಾಗ ಮುಖ ಸಪ್ಪೆ ಮಾಡಿಕೊಂಡು ಕೂತಿದ್ದರು. ಒಂದು ಲಾಟಿನ ಶೇಡ್ ಸರಿಯಾಗಿ ಬಂದಿರಲಿಲ್ಲ. ರಾತ್ರಿ ಪಾಳಿಯ ಹುಡುಗನಿಗೆ ಎರಡು ದಿನದ ಸಂಬಳ ಕಡಿದಿದ್ದರು. "ತಪ್ಪು ಅವನದೋ, ಮಷೀನಿನದೋ ಯಾರಿಗೂ ಗೊತ್ತಿಲ್ಲಮ್ಮ. ಬೈಸಿಕೊಳ್ಳೋಕೆ ಅವನಿದ್ದ, ಅಷ್ಟೇ" ಅಂದರು.

ತಪ್ಪು ಯಾವುದರದ್ದು ಎಂದು ಕಂಡುಹಿಡಿಯಲು ಒಂದು ಶಾಸ್ತ್ರವೇ ಇದೆ. ಅದರ ಹೆಸರು ಪ್ರಯೋಗ ವಿನ್ಯಾಸ. ಹೆದರಬೇಡಿ, ಕನ್ನಡ ಬಿ.ಎ. ಓದಿದ ನನಗೂ ಅರ್ಥವಾಗಿದೆ!

ಪಾಲಿಯೆಸ್ಟರ್ ಬಣ್ಣ ಹಿಡಿಯಲು ಸುಮಾರು 130 ಡಿಗ್ರಿ ಶಾಖ ಬೇಕು, ಸಾಕಷ್ಟು ಹೊತ್ತು ಬೇಕು, ನೀರಿನಲ್ಲಿ ತುಸು ಹುಳಿ ಅಂದರೆ ಆಮ್ಲ ಇರಬೇಕು. ನಾವೇನು ಮಾಡುತ್ತೇವೆ? ಇಂದು ಶಾಖ ಬದಲಿಸಿ ನೋಡುತ್ತೇವೆ, ನಾಳೆ ಹೊತ್ತು, ನಾಡಿದ್ದು ಆಮ್ಲ. ಆದರೆ ಶಾಖದ ಪರಿಣಾಮ ಹೊತ್ತನ್ನೇ ಅವಲಂಬಿಸಿದ್ದರೆ? ಒಂದೊಂದನ್ನೇ ಮುಟ್ಟಿದರೆ ಆ ಜೋಡಿ ಗುಟ್ಟು ಸಿಗುವುದೇ ಇಲ್ಲ.

ಅದಕ್ಕೇ ಮೂರಕ್ಕೂ ಎರಡೆರಡು ಮಟ್ಟ ಇಟ್ಟುಕೊಳ್ಳಿ. ಎರಡೆರಡ್ಲಿ ನಾಲ್ಕು, ನಾಲ್ಕೆರಡ್ಲಿ ಎಂಟು ಪ್ರಯೋಗ. ಈ ಎಂಟರಲ್ಲಿ ನಾಲ್ಕಕ್ಕೆ ಹೆಚ್ಚು ಶಾಖ, ನಾಲ್ಕಕ್ಕೆ ಕಡಿಮೆ. ಹೊತ್ತಿಗೂ ಹಾಗೆಯೇ, ಆಮ್ಲಕ್ಕೂ ಹಾಗೆಯೇ. ಎಂಟೂ ಪ್ರಯೋಗಗಳು ಮೂರೂ ಪ್ರಶ್ನೆಗಳಿಗೆ ಸಾಕ್ಷಿ ಹೇಳುತ್ತವೆ. ಯಾವುದು ಮೊದಲು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕು. ಇಲ್ಲವಾದರೆ ಬೆಳಗಿನ ತಂಪು, ಮಧ್ಯಾಹ್ನದ ಬಿಸಿ ನಮ್ಮನ್ನು ಮೋಸಗೊಳಿಸುತ್ತವೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಹೊಲಗಳಲ್ಲಿ ಗೊಬ್ಬರದ ಪರೀಕ್ಷೆ ನಡೆಸುತ್ತಾ ರೊನಾಲ್ಡ್ ಫಿಷರ್ ಕಟ್ಟಿದ ಶಾಸ್ತ್ರವಿದು. ಅವರ ಪುಸ್ತಕ ಬಂದದ್ದು 1935ರಲ್ಲಿ.

ಏಳು ಅಂಶಗಳಿದ್ದರೆ? ಲೆಕ್ಕ 128ಕ್ಕೆ ಏರುತ್ತದೆ, ಯಾವ ಮಾಲೀಕನೂ ಒಪ್ಪುವುದಿಲ್ಲ. ಇಲ್ಲಿ ನೆರವಿಗೆ ಬಂದವರು ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್! 1940ರ ದಶಕದಲ್ಲಿ ಅವರು ರೂಪಿಸಿದ 'ಆರ್ಥೋಗೋನಲ್ ಅರೇ' ಎಂಬ ಪಟ್ಟಿಗಳಿಂದ ಏಳು ಅಂಶಗಳನ್ನೂ ಎಂಟೇ ಪ್ರಯೋಗಗಳಲ್ಲಿ ಜರಡಿ ಹಿಡಿಯಬಹುದು. ಜಪಾನಿನ ಗೆನಿಚಿ ಟಾಗುಚಿ ಇಂಥ ಪಟ್ಟಿಗಳನ್ನೇ ಕಾರ್ಖಾನೆಗಳಲ್ಲಿ ಮನೆಮಾತಾಗಿಸಿದರು. ರಾವ್ 2023ರಲ್ಲಿ, 102ರ ವಯಸ್ಸಿನಲ್ಲಿ ತೀರಿಕೊಂಡರು. ಒಂದು ಎಚ್ಚರಿಕೆ: ಇಷ್ಟು ಚಿಕ್ಕ ಪಟ್ಟಿಯಲ್ಲಿ ಜೋಡಿ ಪರಿಣಾಮಗಳು ಒಂದರೊಳಗೊಂದು ಬೆರೆತುಹೋಗುತ್ತವೆ. ಆದ್ದರಿಂದ ಸಿಕ್ಕ ಉತ್ತರವನ್ನು ಇನ್ನೊಮ್ಮೆ ಮಾಡಿ ನೋಡಿಯೇ ನಂಬಬೇಕು.

ಗುಜರಾತಿಗೆ ಇದೇನೂ ಪರಕೀಯವಲ್ಲ. ಗಿರಣಿ ಕೆಲಸಕ್ಕೆ ವಿಜ್ಞಾನದ ಅಳತೆಗೋಲು ತರಲೆಂದೇ ಅಹಮದಾಬಾದಿನಲ್ಲಿ ವಿಕ್ರಂ ಸಾರಾಭಾಯಿ ಅವರ ಮುಂದಾಳತ್ವದಲ್ಲಿ 1947ರಲ್ಲಿ 'ಅಟಿರಾ' ಹುಟ್ಟಿತು. ವಡೋದರಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾನಿಲಯದಲ್ಲಿ ಸಂಖ್ಯಾಶಾಸ್ತ್ರ ವಿಭಾಗವಿದೆ. ನಿಮ್ಮ ಮಕ್ಕಳು ಅಲ್ಲಿ ಓದುತ್ತಿದ್ದರೆ ನಿಮ್ಮ ಕಾರ್ಖಾನೆಯ ಒಂದು ತೊಂದರೆಯನ್ನು ಅವರ ಮುಂದಿಟ್ಟು ನೋಡಿ.

ಅಂದಹಾಗೆ, ಭಾವ ಸುಮ್ಮನೆ ಕೂರಲಿಲ್ಲ. ಮಿಲ್ಲಿನ ಲ್ಯಾಬಿನಲ್ಲಿ ಚಿಕ್ಕ ಚಿಕ್ಕ ಬಟ್ಟೆ ತುಂಡುಗಳ ಮೇಲೆ ಎಂಟು ಪ್ರಯೋಗ ಮಾಡಿದರು, ಮರುವಾರ ಮತ್ತೆ ಎಂಟು. ಪೂರ್ತಿ ಹೊತ್ತು ಕೊಟ್ಟಾಗ ಐದು ಡಿಗ್ರಿ ಶಾಖ ಕಡಿಮೆಯಾದರೂ ಶೇಡ್ ಕೆಡಲಿಲ್ಲ. ಹೊತ್ತು ಮೊಟಕು ಮಾಡಿದಾಗ ಮಾತ್ರ ಕೆಟ್ಟಿತು. ಆ ರಾತ್ರಿ ಬೇಗ ಮುಗಿಸು ಎಂದು ಮೇಲಿನಿಂದಲೇ ಹೇಳಿದ್ದರಂತೆ.

ಕಡಿದ ಸಂಬಳ ಆ ಹುಡುಗನಿಗೆ ಇನ್ನೂ ವಾಪಸು ಬಂದಿಲ್ಲ. ಹದಿನಾರು ತುಂಡು ಬಟ್ಟೆ ಅಂಟಿಸಿದ ಹಾಳೆ ಹಿಡಿದುಕೊಂಡು ಭಾವ ಆಫೀಸಿಗೆ ಎಡತಾಕುತ್ತಿದ್ದಾರೆ. ಬಂದ ದಿನ ನಿಮಗೆ ಖಂಡಿತ ತಿಳಿಸುತ್ತೇನೆ. ಅಲ್ಲಿಯವರೆಗೆ, ನಮಸ್ಕಾರ.