ಸಾಕು ಅಂದ್ರೆ ಹಾಕು ಅಂತ ಕೇಳಿಸಿತು

ಇವತ್ತು ರಾಜಕೀಯ ಬೇಡ. ಇವತ್ತು ನನ್ನ ಕಿವಿಯ ವಿಷಯ ಹೇಳ್ತೀನಿ.

ಮೊನ್ನೆ ಮನೆಯಲ್ಲಿ ಮಗಳ ತಟ್ಟೆಗೆ ಸಾರು ಬಡಿಸ್ತಿದ್ದೆ. ಅವಳು "ಸಾಕು" ಅಂದಳು. ನನಗೆ "ಹಾಕು" ಅಂತ ಕೇಳಿಸಿತು. ಇನ್ನೊಂದು ಸೌಟು ಹಾಕಿದೆ. "ಸಾಕಪ್ಪಾ" ಅಂದಳು, ಮತ್ತೊಂದು ಹಾಕಿದೆ. ಮೊದಲ ಸಲ ಎಲ್ಲರೂ ನಕ್ಕರು. ಎರಡನೇ ಸಲ ಯಾರೂ ನಗಲಿಲ್ಲ.

ಇಪ್ಪತ್ತು ವರ್ಷದಿಂದ ಈ ಕಿವಿಯಲ್ಲಿ ಇಯರ್‌ಪೀಸ್ ಇದೆ. ಚರ್ಚೆಯಲ್ಲಿ ನಾಲ್ಕು ಜನ ಒಟ್ಟಿಗೆ ಕೂಗುವಾಗ ಕಂಟ್ರೋಲ್ ರೂಮಿನ ಮಾತು ಕೇಳಬೇಕಲ್ಲ? ವಾಲ್ಯೂಮ್ ಏರಿಸ್ತಾ ಹೋದೆ. ಅದಕ್ಕೂ ಮೊದಲು ವರದಿಗಾರನಾಗಿ ನಿಂತಿದ್ದು ಸಮಾವೇಶಗಳ ಧ್ವನಿವರ್ಧಕದ ಪಕ್ಕದಲ್ಲೇ.

ಕೊನೆಗೆ ವೈದ್ಯರ ಹತ್ತಿರ ಹೋದೆ. ಪರೀಕ್ಷೆ ಮಾಡಿ ಗ್ರಾಫ್ ಕೈಗಿಟ್ಟರು. 4,000 ಹರ್ಟ್ಸ್ ಹತ್ತಿರ ಗೆರೆ ಗುಂಡಿಗೆ ಬಿದ್ದಿತ್ತು. ಗದ್ದಲದಿಂದ ಕೆಟ್ಟ ಕಿವಿಯ ಗುರುತು ಅದು. 'ಸ', 'ಶ'ದಂಥ ಸಣ್ಣ ಸದ್ದುಗಳೇ ಮೊದಲು ಕೈಕೊಡೋದು. ಒಳಗಿವಿಯಲ್ಲಿ ಸುಮಾರು 15 ಸಾವಿರ ಸೂಕ್ಷ್ಮ ರೋಮಕೋಶಗಳಿವೆ. ಒಮ್ಮೆ ಸತ್ತರೆ ಮನುಷ್ಯನಲ್ಲಿ ಅವು ಮತ್ತೆ ಹುಟ್ಟಲ್ಲ.

"ಹಾಗಾದ್ರೆ ನಿಮ್ಮ ಹತ್ರ ಜೋರಾಗಿ ಮಾತಾಡಿದ್ರಾಯ್ತು" ಅಂತೀರಿ. ಎಡವಟ್ಟು ಇರೋದೇ ಅಲ್ಲಿ. ಮೆಲ್ಲಗಿನದು ಕೇಳಿಸಲ್ಲ, ಜೋರಾಗಿದ್ದು ತಡೆಯೋಕಾಗಲ್ಲ. ಸ್ಟೀಲ್ ತಟ್ಟೆ ಬಿದ್ದರೆ ಕಿವಿಗೆ ಸೂಜಿ ಚುಚ್ಚಿದ ಹಾಗೆ. ಕುಕ್ಕರ್ ಕೂಗಿದ್ರೆ ಎದ್ದು ಹೊರಗೆ ಹೋಗ್ತೀನಿ. ರಾತ್ರಿ ಊರೆಲ್ಲ ಮಲಗಿದ ಮೇಲೆ ಕಿವಿಯೊಳಗೆ ಕುಂಯ್ ಅನ್ನೋ ಸದ್ದು. ವಾಲಗ, ಆರ್ಕೆಸ್ಟ್ರಾ ಅಂದ್ರೆ ಭಯ. ಮದುವೆಗಳಿಗೆ ಹೋಗೋದು ಬಿಟ್ಟೆ. ನೆಂಟರು "ಟೀವಿಯವನಿಗೆ ಕೊಬ್ಬು" ಅಂದರು.

ನನಗಾದರೂ ಎಸಿ ಸ್ಟುಡಿಯೊ. ದಿನವಿಡೀ ಹಾರ್ನ್ ಮಧ್ಯೆ ನಿಲ್ಲೋ ಟ್ರಾಫಿಕ್ ಪೊಲೀಸರ ಗತಿ ಏನು? ಕಲ್ಲು ಕ್ರಷರ್‌ನಲ್ಲಿ ದುಡಿಯೋರ ಕಿವಿ ಯಾರಿಗೆ ಬೇಕಾಗಿದೆ?

ಕಾನೂನು ಇಲ್ಲ ಅಂತಲ್ಲ. 2000ದಲ್ಲೇ ಶಬ್ದಮಾಲಿನ್ಯ ನಿಯಮ ಬಂದಿದೆ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ನಿಮ್ಮ ಬೀದಿಯಲ್ಲಿ ಯಾರಾದ್ರೂ ಅಳೆದಿದ್ದಾರಾ?

ಲೆಕ್ಕ ಕೇಳಿ. 85 ಡೆಸಿಬೆಲ್ ಸದ್ದಿನಲ್ಲಿ 8 ಗಂಟೆ ಇರಬಹುದು ಅನ್ನೋದು ಕೆಲಸದ ಜಾಗದ ಅಳತೆ. ಪ್ರತಿ 3 ಡೆಸಿಬೆಲ್ ಏರಿದಾಗಲೂ ಸಮಯ ಅರ್ಧಕ್ಕಿಳಿಯುತ್ತೆ. 100ಕ್ಕೆ ಹೋದ್ರೆ ಉಳಿಯೋದು ಕಾಲು ಗಂಟೆ. ಡಿಜೆ ಮೆರವಣಿಗೆ ಕಾಲು ಗಂಟೆಯಲ್ಲಿ ಮುಗಿಯುತ್ತಾ? ಸ್ವಾಮಿ, ಗಣಪನಿಗೆ ಮೊರದಗಲ ಕಿವಿ ಇದೆ. ಮೆಲ್ಲಗೆ ಹಾಡಿದ್ರೂ ಕೇಳಿಸುತ್ತೆ. ಯಾವ ಧರ್ಮದ ಹಬ್ಬಕ್ಕೂ ಇದೇ ಮಾತು.

ಬೇರೆಯವರಿಗೆ ಬುದ್ಧಿ ಹೇಳೋ ಮೊದಲು ನನ್ನ ತಪ್ಪು ಒಪ್ಕೋತೀನಿ. ನಿಮ್ಮ ಮನೆಯ ಹಾಲ್‌ನಲ್ಲಿ ರಾತ್ರಿ 9ಕ್ಕೆ ಕೂಗಾಡೋರಲ್ಲಿ ನಾನೂ ಒಬ್ಬ. ಗಂಟಲು ದೊಡ್ಡದಾದ್ರೆ ವಾದ ದೊಡ್ಡದು ಅಂತ ನಂಬಿದ್ದೆ. ಇನ್ನು ನನ್ನ ಚರ್ಚೆಯಲ್ಲಿ ಒಬ್ಬರು ಮಾತಾಡುವಾಗ ಉಳಿದವರ ಮೈಕ್ ಬಂದ್. ನನ್ನದೂ ಸೇರಿ.

ನೀವು ಒಂದು ಕೆಲಸ ಮಾಡಿ. ಟೀವಿ ಸೌಂಡ್ ಪದೇಪದೇ ಏರಿಸ್ತಿದ್ರೆ, ಕಿವಿ ಗುಂಯ್ಗುಡ್ತಿದ್ರೆ ಪರೀಕ್ಷೆ ಮಾಡಿಸಿ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ. ನನ್ನ ಹಾಗೆ ತಡ ಮಾಡಬೇಡಿ.

ಮಗಳು ಈಗ "ಸಾಕು" ಅನ್ನಲ್ಲ. ತಟ್ಟೆಗೆ ಕೈ ಅಡ್ಡ ಹಿಡೀತಾಳೆ. ಅವಳ ದನಿ ಪೂರ್ತಿ ಕೇಳೋ ಕಾಲ ನನ್ನ ಪಾಲಿಗೆ ಮುಗೀತು. ನಿಮಗಿನ್ನೂ ಇದೆ, ಉಳಿಸಿಕೊಳ್ಳಿ.

ಈಗ ರಿಮೋಟ್ ತಗೊಂಡು ನನ್ನ ದನಿಯನ್ನೇ ಎರಡು ಗೆರೆ ಇಳಿಸಿ.