ಎರಡು ತೆರಿಗೆ, ಬೆಳಕು ಯಾರ ಬೀದಿಗೆ?
(ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಅಮೆರಿಕದಲ್ಲಿ ನಮ್ಮ ಜಿಲ್ಲೆಯಂಥದ್ದಕ್ಕೆ ಕೌಂಟಿ ಅಂತಾರೆ. ಮನೆ, ಜಮೀನು ಇದ್ದೋರು ಕೌಂಟಿಗೆ ತೆರಿಗೆ ಕಟ್ಟಬೇಕು. ಅದೇ ಮನೆ ಪಟ್ಟಣದ ಎಲ್ಲೆಯೊಳಗಿದ್ದರೆ ಪಟ್ಟಣಕ್ಕೂ ಬೇರೆ ಕಟ್ಟಬೇಕು. ಈ ಎರಡನೇ ತೆರಿಗೆಯಿಂದ ಏನು ಲಾಭ ಅನ್ನೋದು ಅಲ್ಲಿನ ಹಳೇ ಜಗಳ. ಲಾಭ ಇದೆ ಅನ್ನೋರು ನಲ್ಲಿ, ಒಳಚರಂಡಿ, ಬೀದಿದೀಪ ತೋರಿಸ್ತಾರೆ. ಇಲ್ಲ ಅನ್ನೋರು ಎಲ್ಲೆಯ ಆಚೆ ಇದ್ದು ದುಡ್ಡು ಉಳಿಸೋಣ ಅಂತಾರೆ. ಆದರೆ ತೆರಿಗೆ ಕಟ್ಟೋನ ಮನೆ ಯಾವ ಬೀದೀಲಿದೆ ಅನ್ನೋ ಪ್ರಶ್ನೆ ಎತ್ತಿದವರು ಅಲ್ಲಿನ ಕಪ್ಪು ಜನ. ಅದಕ್ಕೇ ಇದು ನಮ್ಮ ವಿಷಯವೂ ಹೌದು.

ಮಿಸಿಸಿಪಿ ರಾಜ್ಯದಲ್ಲಿ ಶಾ ಅಂತ ಒಂದು ಸಣ್ಣ ಪಟ್ಟಣ. ಮೊಕದ್ದಮೆಯ ಕಾಲಕ್ಕೆ ಅಲ್ಲಿ ಸುಮಾರು 1500 ಕಪ್ಪು ಜನ, 1000 ಬಿಳಿಯರು. ನಮ್ಮ ಮಾತಲ್ಲಿ ಹೇಳೋದಾದರೆ ಊರು ಬೇರೆ, ಕೇರಿ ಬೇರೆ. ತೆರಿಗೆ ಎತ್ತುವಾಗ ಮಾತ್ರ ಎರಡೂ ಒಂದೇ! ಆಂಡ್ರೂ ಹಾಕಿನ್ಸ್ ಮತ್ತು ಜೊತೆಯವರು ಕೋರ್ಟಿಗೆ ಹೋದರು. ಅವರ ಆಯುಧ ಲೆಕ್ಕ. ಡಾಂಬರಿಲ್ಲದ ಬೀದಿಯ ಮನೆಗಳಲ್ಲಿ ನೂರಕ್ಕೆ ಸುಮಾರು 98 ಕಪ್ಪು ಜನರವು. ಒಳಚರಂಡಿ ಇಲ್ಲದ ಮನೆಗಳಲ್ಲಿ ನೂರಕ್ಕೆ 97 ಅವರ ಕೇರಿಯವು. ಹೆಚ್ಚು ಬೆಳಕಿನ ಪಾದರಸದ ದೀಪಗಳು ಒಂದೂ ಬಿಡದೆ ಬಿಳಿಯರ ಬೀದೀಲಿ. 1971ರಲ್ಲಿ ಮೇಲ್ಮನವಿ ನ್ಯಾಯಾಲಯ ಇದನ್ನು ಸಂವಿಧಾನಕ್ಕೆ ವಿರುದ್ಧ ಅಂದಿತು. ಮುಂದೆ 1976ರಲ್ಲಿ ಸುಪ್ರೀಂ ಕೋರ್ಟ್ ಬೇರೊಂದು ಕೇಸಿನಲ್ಲಿ, ತಾರತಮ್ಯ ಮಾಡೋ ಉದ್ದೇಶ ಇತ್ತು ಅಂತಲೂ ರುಜು ಮಾಡಿ ಅಂದಿತು. ಅಲ್ಲಿಂದ ಇಂಥ ಕೇಸು ಗೆಲ್ಲೋದು ಕಷ್ಟವಾಯಿತು.

ಹಾಗಾದರೆ ಎಲ್ಲೆಯ ಆಚೆ ಇರೋದು ವಾಸಿಯೆ? ಒಹಾಯೋ ರಾಜ್ಯದ ಜೇನ್ಸ್‌ವಿಲ್ ಪಟ್ಟಣದ ಅಂಚಿನಲ್ಲಿ ಕೋಲ್ ರನ್ ಅನ್ನೋ ಕೇರಿ. ಬಹುಪಾಲು ಕಪ್ಪು ಜನ. ನೀರಿನ ಕೊಳವೆ ಸುತ್ತಲ ಬಿಳಿಯರ ಮನೆಗಳಿಗೆ ಹೋಯಿತು, ಇವರ ಕೇರಿಗೆ ಬರಲಿಲ್ಲ. ಕಲ್ಲಿದ್ದಲ ಗಣಿಯಿಂದ ಬಾವಿ ನೀರು ಕೆಟ್ಟಿತ್ತು. ಸುಮಾರು 50 ವರ್ಷ ಆ ಜನ ದೂರದಿಂದ ನೀರು ತಂದರು, ಮಳೆನೀರು ಹಿಡಿದಿಟ್ಟರು. 2002ರಲ್ಲಿ ದೂರು ಕೊಟ್ಟ ಮೇಲೆ ನಲ್ಲಿ ಬಂತು. 2008ರಲ್ಲಿ ಜ್ಯೂರಿಯವರು ಪಟ್ಟಣವನ್ನೂ ಕೌಂಟಿಯನ್ನೂ ಹೊಣೆ ಮಾಡಿ 67 ಜನಕ್ಕೆ ಸುಮಾರು 1 ಕೋಟಿ 9 ಲಕ್ಷ ಡಾಲರ್ ಪರಿಹಾರ ಕೊಡಬೇಕು ಅಂದರು.

ಅಂದರೆ ಒಳಗಿದ್ದರೂ ಅಷ್ಟೆ, ಹೊರಗಿದ್ದರೂ ಅಷ್ಟೆ. ಇದರ ಗುಟ್ಟು ಟಸ್ಕೆಗೀ ಪಟ್ಟಣದಲ್ಲಿ ಬಯಲಾಯಿತು. 1957ರಲ್ಲಿ ಅಲಬಾಮ ರಾಜ್ಯದ ಶಾಸನಸಭೆ ಆ ಪಟ್ಟಣದ ಚೌಕಾದ ಎಲ್ಲೆಯನ್ನು ಕತ್ತರಿಸಿ 28 ಮಗ್ಗುಲಿನ ಆಕಾರ ಮಾಡಿತು. ಸುಮಾರು 400 ಕಪ್ಪು ಮತದಾರರಲ್ಲಿ ನಾಲ್ಕೈದು ಮಂದಿ ಬಿಟ್ಟು ಉಳಿದವರೆಲ್ಲ ಹೊರಗೆ. ಬಿಳಿ ಮತದಾರ ಒಬ್ಬನೂ ಹೊರಗೆ ಬೀಳಲಿಲ್ಲ. ಪಟ್ಟಣದ ತೆರಿಗೆ ಉಳೀತಲ್ಲ ಅಂತ ಆ ಜನ ಸುಮ್ಮನೆ ಕೂತರೆ? ಇಲ್ಲ. ಚಾರ್ಲ್ಸ್ ಗೊಮಿಲಿಯನ್ ಎಂಬ ಅಧ್ಯಾಪಕರ ಮುಂದಾಳತ್ವದಲ್ಲಿ ಬಿಳಿಯರ ಅಂಗಡಿಗಳಿಗೆ ಬಹಿಷ್ಕಾರ ಹಾಕಿದರು. 1960ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ತೆರಿಗೆ ದುಡ್ಡು ಎಲ್ಲಿ ಸುರೀಬೇಕು ಅಂತ ಹೇಳೋದು ಓಟು. ಓಟಿಲ್ಲದೆ ಉಳಿಸಿದ ಕಾಸು ಉಳಿತಾಯ ಅಲ್ಲ ಅಂತ ಅವರಿಗೆ ಗೊತ್ತಿತ್ತು.

ನಮಗೂ ಗೊತ್ತಿರಬೇಕು. 1927ರಲ್ಲಿ ಬಾಬಾಸಾಹೇಬರು ನೀರು ಮುಟ್ಟಿದ ಮಹಾಡದ ಚೌದಾರ್ ಕೆರೆ ಪುರಸಭೆಯದೇ. ಕೆರೆ ಎಲ್ಲರಿಗೂ ಮುಕ್ತ ಅಂತ ಪುರಸಭೆ 1924ರಲ್ಲೇ ಠರಾವು ಮಾಡಿತ್ತು. ಠರಾವು ಕಾಗದದಲ್ಲೇ ಉಳೀತು. ನೀರಿಗೆ ಜನ ನಡೆದೇ ಹೋಗಬೇಕಾಯಿತು.

ಎರಡನೇ ತೆರಿಗೆಯಿಂದ ಲಾಭ ಇದೆಯೆ ಅಂತ ಕೇಳಿದರೆ ನನ್ನ ಉತ್ತರ ಇದು: ಕೊಳವೆ ಎಲ್ಲಿಗೆ ಹೋಗಬೇಕು ಅಂತ ತೀರ್ಮಾನಿಸೋ ಕಡೆ ನಿಮ್ಮ ಮಾತು ನಡೆದರೆ ಇದೆ, ಇಲ್ಲದಿದ್ದರೆ ಪಕ್ಕದ ಬೀದಿಯ ದೀಪಕ್ಕೆ ನೀವು ಎಣ್ಣೆ ಹಾಕ್ತಿದ್ದೀರಿ.

ಗೆಳೆಯರೆ, ಕಂದಾಯದ ರಸೀದಿ ಜೋಪಾನವಾಗಿಡಿ. ಒಂದು ನೋಟ್‌ಬುಕ್ ತಗೊಂಡು ನಿಮ್ಮೂರಿನ ಬೀದಿ ಬೀದಿ ಸುತ್ತಿ. ನಲ್ಲಿ ಎಷ್ಟು, ದೀಪ ಎಷ್ಟು, ಚರಂಡಿ ಎಲ್ಲಿಗೆ ನಿಂತುಹೋಗಿದೆ, ಬರೀರಿ. ಶಾ ಪಟ್ಟಣದವರು ಮಾಡಿದ್ದು ಇಷ್ಟೇ. ಆ ಲೆಕ್ಕ ಹಿಡಕೊಂಡು ಪುರಸಭೆ ಬಾಗಿಲಿಗೆ ಹೋಗೋಣ.

ಜೈ ಭೀಮ್.